ಬ್ರೆಡ್ ಕವರಿನಲ್ಲಿದ್ದ ಸಾಕ್ಷಿ

ಆಪಾ ಸೈಕಲ್ಲಿನಿಂದ ಇಳಿಯುತ್ತಿರಲಿಲ್ಲ, ಜಿಗಿಯುತ್ತಿದ್ದರು. ಇಲ್ಲಿಯ ಡಚ್ ಸೈಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕು ಬೀಳುತ್ತದೆ. ಐವತ್ತು ದಾಟಿದ ಮೇಲೆ ಸೈಕಲ್ ಕಲಿತ ಅವರಿಗೆ ಆ ವಿದ್ಯೆ ಕೊನೆಯವರೆಗೂ ಹತ್ತಲಿಲ್ಲ. ಸಲ್ವಾರಿನ ಎರಡೂ ಕಾಲಿಗೆ ತರಕಾರಿ ಕಟ್ಟಿನ ರಬ್ಬರ್ ಬ್ಯಾಂಡು, ಗಲ್ಲದ ಕೆಳಗೆ ಬಿಗಿದು ಗಂಟು ಹಾಕಿದ ಬೂದು ಸ್ಕಾರ್ಫು, ಮೊಣಕಾಲು ಮುಟ್ಟುವ ಹಳದಿ ರೇನ್‌ಕೋಟು. ನಿಲ್ಲಬೇಕಾದ ಜಾಗ ಬಂತೆಂದರೆ ಪಕ್ಕಕ್ಕೆ ಹಾರಿಬಿಡುತ್ತಿದ್ದರು. ಸೈಕಲ್ಲು ತನ್ನ ಪಾಡಿಗೆ ಮುಂದೆ ಹೋಗಿ ಯಾವುದಾದರೂ ಬೇಲಿಗೆ ಒರಗುತ್ತಿತ್ತು. ಅದರ ಹಿಂದಿನ ಎರಡು ಚೀಲಗಳಲ್ಲಿ ನಮ್ಮ ಕನ್ನಡ ಬಳಗದ ರಾಜ್ಯೋತ್ಸವ ಸಂಚಿಕೆ ಇರುತ್ತಿತ್ತು. ಮಳೆಗೆ ನೆನೆಯಬಾರದೆಂದು ಒಂದೊಂದು ಪ್ರತಿಯನ್ನೂ ಬ್ರೆಡ್ಡಿನ ಖಾಲಿ ಕವರಿನೊಳಗೆ ಹಾಕಿ, ಬ್ರೆಡ್ಡಿಗೆ ಹಾಕುವ ಅದೇ ಪ್ಲಾಸ್ಟಿಕ್ ಕ್ಲಿಪ್ಪು ಸಿಕ್ಕಿಸಿರುತ್ತಿದ್ದರು.

ಆಪಾ ಅಂದರೆ ಅಕ್ಕ. ಹೇಗ್ ನಗರದ ಪಕ್ಕದ ವೂರ್‌ಬರ್ಗಿನಲ್ಲಿ ಅವರನ್ನು ಹಾಗೆ ಕರೆಯದ ಕನ್ನಡಿಗರಿರಲಿಲ್ಲ. ಹುಬ್ಬಳ್ಳಿಯವರು. ತಂದೆ ಅಲ್ಲಿಯ ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರಂತೆ. ಮಗಳು ಅದೇ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದರು. ಮದುವೆಯಾದ ಮೇಲೆ ಹೇಗ್ ನಗರಕ್ಕೆ ಬಂದು, ಗಂಡನ ಟೈಲರ್ ಅಂಗಡಿಯಲ್ಲಿ ಪ್ಯಾಂಟುಗಳ ಉದ್ದ ಕಡಿಮೆ ಮಾಡುತ್ತ ಆಯುಷ್ಯ ಕಳೆದರು. ನನಗೆ ಪರಿಚಯವಾಗುವ ಹೊತ್ತಿಗೆ ಗಂಡ ತೀರಿಕೊಂಡಿದ್ದರು. ಗಂಡನೊಂದಿಗೆ ದಖನಿ ಉರ್ದು ಆಡುತ್ತಿದ್ದರಂತೆ, ಮಗಳೊಂದಿಗೆ ಕನ್ನಡ. ಮಗಳು ಉತ್ತರ ಕೊಡುವುದು ಡಚ್ಚಿನಲ್ಲಿ, ಆದರೂ ಇವರು ಬಿಟ್ಟವರಲ್ಲ. ಒಮ್ಮೆ ಬಳಗಕ್ಕೆ ಹೊಸದಾಗಿ ಬಂದ ಮಹಾಶಯರೊಬ್ಬರು, “ನೀವು ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ!” ಎಂದು ಮೆಚ್ಚಿಕೊಂಡರು. ಆಪಾ ಅವರನ್ನು ಮೇಲಿನಿಂದ ಕೆಳಗೆ ನೋಡಿ, “ನಾ ಹುಬ್ಬಳ್ಳ್ಯಾಕಿ ರೀ. ಮತ್ತೇನ್ ಮಾತಾಡ್ಲಿ?” ಎಂದರು. ಆ ಮನುಷ್ಯ ಊಟ ಮುಗಿಯುವವರೆಗೂ ತಟ್ಟೆಯಿಂದ ತಲೆ ಎತ್ತಲಿಲ್ಲ.

ನಾನು ತುಮಕೂರು ಕಡೆಯವನು. ಎರಡು ಸಾವಿರದ ನಾಲ್ಕರಲ್ಲಿ ಓದಲಿಕ್ಕೆಂದು ಐಂಡ್‌ಹೋವನ್‌ಗೆ ಬಂದವನು ಓದು ಮುಗಿದ ಮೇಲೆ ಅಲ್ಲೇ ಉಳಿದೆ. ಒಬ್ಬ ಡಚ್ ಸಹಪಾಠಿಯ ಜೊತೆ ಸೇರಿ ಸಣ್ಣದೊಂದು ಕಂಪನಿ ಕಟ್ಟಿದೆ. ನಮ್ಮ ಬಂಡವಾಳವೆಲ್ಲ ಒಂದೇ ಉಪಕರಣ. ಚೀಸ್ ಮಾಡುವ ರೈತರ ತೊಟ್ಟಿಯಲ್ಲಿ ಹಾಲು ಕೆಡಲು ಶುರುವಾದ ಕೂಡಲೇ ತಿಳಿಸುವ ಉಪಕರಣ ಅದು. ತೊಟ್ಟಿಯ ಮೇಲ್ಭಾಗದಲ್ಲೊಂದು, ತಳದಲ್ಲೊಂದು ತಂತಿ. ಹಾಲಿನಲ್ಲಿ ಕರೆಂಟು ಎಷ್ಟು ಹರಿಯುತ್ತದೆಂದು ಎರಡೂ ಅಳೆಯುತ್ತವೆ, ಆ ಅಳತೆಗಳನ್ನು ಒಂದಕ್ಕೊಂದು ಹೋಲಿಸಿ ನೋಡುವುದು. ಹೊರಗಿನ ಚಳಿ ಬಿಸಿಲು ಎರಡಕ್ಕೂ ಒಂದೇ ಆದ್ದರಿಂದ ಲೆಕ್ಕ ತಪ್ಪುವುದಿಲ್ಲ. ಇಷ್ಟೇ ಗುಟ್ಟು. ಇದು ಹೊಳೆದ ದಿನ ನಾನೇ ಜಾಣ ಎಂದು ಬೀಗಿದ್ದು ಸುಳ್ಳಲ್ಲ.

ಸಂಚಿಕೆಯ ಸಂಪಾದಕರು ಆಪಾ. ಬರೆಯುವವರಿಗೆ ಅವರು ಹಾಕುತ್ತಿದ್ದ ಷರತ್ತು ಒಂದೇ: “ನೀ ದಿನಾ ಮಾಡೂ ಕೆಲಸಾ ಬರಿ. ಓದಿದಾಂವ ಮನ್ಯಾಗ ಕುಂತು ಮಾಡಿ ನೋಡೂ ಹಂಗ ಬರಿ.” ಊರಿನ ನೆನಪು, ಅಮ್ಮನ ಕೈರುಚಿ ಎಂದು ಬರೆದುಕೊಂಡು ಹೋದರೆ ಮುಖ ಸಿಂಡರಿಸುತ್ತಿದ್ದರು. ಹೀಗಾಗಿ ನಮ್ಮ ಸಂಚಿಕೆಯಲ್ಲಿ ವಿಮಾನ ನಿಲ್ದಾಣದ ಪಕ್ಕದ ಹೂಫ್‌ಡಾರ್ಪಿನ ಹುಡುಗನೊಬ್ಬ ವಿಮಾನದ ಸಾಮಾನು ಸಾಗಿಸುವ ಬೆಲ್ಟು ಹೇಗೆ ನಡೆಯುತ್ತದೆ ಎಂದು ಬರೆದಿದ್ದ. ನರ್ಸಮ್ಮ ಒಬ್ಬರು ಸುಟ್ಟಗಾಯಕ್ಕೆ ಪಟ್ಟಿ ಕಟ್ಟುವ ಬಗೆಯನ್ನು ಬರೆದಿದ್ದರು. ನನ್ನ ಸರದಿ ಬಂದಾಗ ನಾನು ಉಪಕರಣದ ಬಗ್ಗೆ ಎರಡು ಪುಟ ಬೊಗಳೆ ಬಿಟ್ಟು ಕಳಿಸಿದೆ. ವಿಜ್ಞಾನದ ಅದ್ಭುತ, ಕನ್ನಡಿಗರ ಹೆಮ್ಮೆ, ಇತ್ಯಾದಿ.

ಆಪಾ ನನ್ನನ್ನು ವೂರ್‌ಬರ್ಗಿಗೆ ಕರೆಸಿ ಅಡುಗೆಮನೆಯ ಮೇಜಿಗೆ ಕೂರಿಸಿದರು. ಪ್ರೆಸ್ಸಿನ ಹಳೆಯ ರೂಢಿ: ಬರೆದವನು ಗಟ್ಟಿಯಾಗಿ ಓದಬೇಕು, ಅವರು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಬರಬೇಕು. ಅರ್ಥವಾಗದ ಕಡೆ ಕೆಂಪು ಪೆನ್ನಿನ ಹಿಂಬದಿಯಿಂದ ಮೇಜಿನ ಮೇಲೆ ಟಕ್ ಎಂದು ಕುಟ್ಟುತ್ತಿದ್ದರು. ಮೊದಲ ಪುಟದಲ್ಲೇ ಕುಟ್ಟಿ ಕುಟ್ಟಿ ನನ್ನ ತಲೆ ಕೆಟ್ಟುಹೋಯಿತು. ತಂತಿ ಎಷ್ಟು ದಪ್ಪ? ಎರಡರ ನಡುವೆ ಎಷ್ಟು ಅಂತರ? ಎಷ್ಟು ಹೊತ್ತಿಗೊಮ್ಮೆ ನೋಡಬೇಕು? ಎಷ್ಟು ವ್ಯತ್ಯಾಸ ಬಂದರೆ ಹಾಲು ಕೆಟ್ಟಿತೆಂದು ಅರ್ಥ? ನಾಲ್ಕು ಸಲ ಬರೆಸಿದರು. ನಾಲ್ಕನೆಯ ಸಲ ಇನ್ನು ಮುಗಿಯಿತು ಎಂದು ಏಳಲು ಹೋದರೆ ಮತ್ತೆ ಟಕ್. “ಎರಡ ಯಾಕ? ಮೂರ ಹಾಕಿದ್ರ ಏನಾಕ್ಕೈತಿ?” ಎಂದರು. ನನಗೆ ರೈಲಿನ ಹೊತ್ತಾಗಿತ್ತು. ನಡುವೆ ಮೂರನೆಯ ತಂತಿ ಹಾಕಿದರೆ ಕೆನೆ ಕಟ್ಟುತ್ತಿದೆಯೋ ಹಾಲೇ ಕೆಡುತ್ತಿದೆಯೋ ಎಂಬುದೂ ತಿಳಿಯುತ್ತದೆ ಎಂದು ಒಂದು ಸಾಲು ಗೀಚಿ ಎದ್ದುಬಂದೆ.

ನವೆಂಬರಿನಲ್ಲಿ ಸಂಚಿಕೆ ಬಂತು. ಆಪಾ ಅದನ್ನು ಸಮಾರಂಭದಲ್ಲಿ ಹಂಚಿ ಸುಮ್ಮನಾಗುವವರಲ್ಲ. ಸೈಕಲ್ಲಿನ ಚೀಲ ತುಂಬಿಕೊಂಡು ವೂರ್‌ಬರ್ಗಿನ ಲೈಬ್ರರಿ, ದಂತವೈದ್ಯರ ಕಾಯುವ ಕೋಣೆ, ಲಾಂಡ್ರಿ, ರೈಲು ಹತ್ತಿ ಹೂಫ್‌ಡಾರ್ಪಿನ ಇಂಡಿಯನ್ ಅಂಗಡಿಯ ಕೌಂಟರು, ಹೀಗೆ ಎಲ್ಲ ಕಡೆ ಒಂದೊಂದು ಪ್ರತಿ ಇಟ್ಟು ಬರುತ್ತಿದ್ದರು. ಲೈಬ್ರರಿಯವರ ಪ್ರತಿಗೆ ಬೀಳುವ ತಾರೀಖಿನ ಮೊಹರನ್ನು ತಮ್ಮ ಪ್ರತಿಗೂ ಹಾಕಿಸಿಕೊಳ್ಳುತ್ತಿದ್ದರು. ಅದೂ ಪ್ರೆಸ್ಸಿನ ಚಾಳಿ. ಹೊರಬಂದ ಪ್ರತಿಯೊಂದರ ಮೇಲೂ ಹುಟ್ಟಿದ ದಿನ ಇರಬೇಕು ಅನ್ನುವುದು. ನಾವೆಲ್ಲ ಹಿಂದೆ ನಗುತ್ತಿದ್ದೆವು. ದಂತವೈದ್ಯರ ಕೋಣೆಯಲ್ಲಿ ಹಲ್ಲು ನೋವಿಟ್ಟುಕೊಂಡು ಕನ್ನಡ ಓದುವವರು ಯಾರಪ್ಪಾ ಎಂದು.

ಮರುವರ್ಷ ಫೆಬ್ರವರಿಯಲ್ಲಿ ನಾವು ಪೇಟೆಂಟಿಗೆ ಅರ್ಜಿ ಹಾಕಿದೆವು. ಯುರೋಪಿನ ನಿಯಮ ಕಟ್ಟುನಿಟ್ಟು: ಅರ್ಜಿ ಹಾಕುವ ಮುಂಚೆ ಜಗತ್ತಿನ ಯಾವ ಮೂಲೆಯಲ್ಲಾದರೂ ವಿಷಯ ಬಯಲಾಗಿದ್ದರೆ, ಬಯಲು ಮಾಡಿದವನು ನೀನೇ ಆಗಿದ್ದರೂ, ಪೇಟೆಂಟು ಇಲ್ಲ. ಅರ್ಜಿ ಬರೆದುಕೊಟ್ಟವರು ಇದನ್ನು ಬಿಡಿಸಿ ಹೇಳಿ, ಎಲ್ಲಾದರೂ ಪ್ರಕಟಿಸಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನಾಲ್ಕು ಸಲ ಬರೆದ ಲೇಖನ, ಅಚ್ಚಾಗಿ ಮೂರು ತಿಂಗಳಷ್ಟೇ ಆಗಿತ್ತು, ನನ್ನ ತಲೆಗೆ ಬರಲೇ ಇಲ್ಲ. ಪ್ರಕಟಣೆ ಅಂದರೆ ಇಂಗ್ಲಿಷಿನದು. ಕನ್ನಡದ್ದು ಮನೆಮಾತು, ಲೆಕ್ಕಕ್ಕಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ನಾಚಿಕೆಯಾಗುತ್ತದೆ.

ಪೇಟೆಂಟು ಬಂತು. ಅದನ್ನು ನಂಬಿ ಹಣ ಹಾಕುವವರೂ ಬಂದರು. ಅಷ್ಟರಲ್ಲಿ ಒಂದು ದೊಡ್ಡ ಕಂಪನಿ ನಮ್ಮದನ್ನೇ ಹೋಲುವ ಉಪಕರಣ ಮಾರಲು ಶುರುಮಾಡಿತು. ನಾವು ನೋಟಿಸ್ ಕೊಟ್ಟೆವು. ಅವರು ತಿರುಗಿ ನಮ್ಮ ಪೇಟೆಂಟನ್ನೇ ರದ್ದು ಮಾಡಬೇಕೆಂದು ಹೇಗ್ ನಗರದ ಕೋರ್ಟಿಗೆ ಹೋದರು. ಈ ದೇಶದ ಪೇಟೆಂಟ್ ವ್ಯಾಜ್ಯಗಳೆಲ್ಲ ಅಲ್ಲಿಗೇ ಹೋಗುವುದು. ಅವರ ದಾವೆಯ ಕಟ್ಟಿನಲ್ಲಿ ಏಳನೆಯ ದಾಖಲೆಯನ್ನು ಎರಡೆರಡು ಸಲ ತಿರುಗಿಸಿ ನೋಡಿದೆ. ನಮ್ಮ ಸಂಚಿಕೆಯ ಇಪ್ಪತ್ತೊಂದನೆಯ ಪುಟ. ಪಕ್ಕದಲ್ಲಿ ಅದರ ಇಂಗ್ಲಿಷ್ ಅನುವಾದ. ಆಮೇಲೆ ತಿಳಿಯಿತು, ಆ ಕಂಪನಿಯಲ್ಲಿ ದಾವಣಗೆರೆಯ ಎಂಜಿನಿಯರ್ ಒಬ್ಬನಿದ್ದನಂತೆ. ಹೂಫ್‌ಡಾರ್ಪಿನ ಅಂಗಡಿಗೆ ಅವಲಕ್ಕಿ ಕೊಳ್ಳಲು ಹೋದವನು ಕೌಂಟರಿನ ಮೇಲಿದ್ದ ಬ್ರೆಡ್ ಕವರನ್ನು ಎತ್ತಿಕೊಂಡು ಬಂದಿದ್ದ.

ನಮ್ಮ ವಕೀಲೆ ಕೇಳಿದರು: ಈ ಸಂಚಿಕೆ ಯಾರಿಗೆಲ್ಲ ಸಿಗುತ್ತದೆ? ಬಳಗದ ಸದಸ್ಯರಿಗಷ್ಟೇ ಎಂದೆ. ಈ ಸಲ ಹೇಳಿದ್ದು ತಿಳಿದೂ ತಿಳಿದೂ ಸುಳ್ಳು. ಹಾಗಾದರೆ ದಾರಿಯಿದೆ, ಸದಸ್ಯರ ನಡುವೆ ಮಾತ್ರ, ಅದೂ ಗುಟ್ಟು ಕಾಯುವವರ ನಡುವೆ ಹರಿದಾಡಿದ್ದು ಸಾರ್ವಜನಿಕ ಅನ್ನಿಸಿಕೊಳ್ಳುವುದಿಲ್ಲ, ಸಂಪಾದಕರಿಂದ ಒಂದು ಹೇಳಿಕೆ ತನ್ನಿ ಎಂದು ಅವರು ಒಂದು ಪುಟದ ಕರಡು ಬರೆದುಕೊಟ್ಟರು. ಅದನ್ನು ಹಿಡಿದುಕೊಂಡು ವೂರ್‌ಬರ್ಗಿಗೆ ಹೋದೆ. ನನ್ನ ಕಂಪನಿ, ನನ್ನ ಗೆಳೆಯನ ಮನೆ ಅಡವಿಟ್ಟ ಸಾಲ, ಆರು ವರ್ಷದ ದುಡಿಮೆ, ಎಲ್ಲವೂ ಆ ಹಾಳೆಯ ಕೆಳಗೆ ಬೀಳಬೇಕಾದ ಒಂದು ಸಹಿಯ ಮೇಲೆ ನಿಂತಿತ್ತು.

ಆಪಾ ಕನ್ನಡಕ ಹಾಕಿಕೊಂಡು ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ‘ಸದಸ್ಯರಿಗೆ ಮಾತ್ರ’ ಎಂದಿದ್ದ ಕಡೆ ನಿಂತರು. ಕೆಂಪು ಪೆನ್ನು ತೆಗೆದು ‘ಮಾತ್ರ’ ಎಂಬುದರ ಮೇಲೆ ಗೆರೆ ಎಳೆದು, ಅಂಚಿನಲ್ಲಿ ಕರಡು ತಿದ್ದುವವರು ಅಳಿಸಲು ಹಾಕುವ ಸುರುಳಿ ಗುರುತು ಹಾಕಿದರು. ಆಮೇಲೆ ಹಾಳೆಯನ್ನು ನನ್ನ ಕಡೆ ತಳ್ಳಿ ಚಹಾಕ್ಕೆ ನೀರಿಟ್ಟರು.

ಬೇಡಿಕೊಂಡೆ, ವಾದಿಸಿದೆ, ಕೊನೆಗೆ ನಾಲಿಗೆ ಹರಿಯಬಿಟ್ಟೆ. “ಅದನ್ನ ಯಾರು ಓದ್ತಾರೆ ಆಪಾ? ಕನ್ನಡದಲ್ಲಿ ಬರೆದದ್ದು ಒಂದು ಪ್ರಕಟಣೆಯಾ?” ಎಂದೆ.

ಅವರು ಒಲೆಯ ಕಡೆಯಿಂದ ತಿರುಗಲಿಲ್ಲ. “ನಾಕ ಸಲ ಬರದಿ ನೀ. ಹಂಗಾರ ಯಾರಿಗ ಬರದಿದ್ದಿ, ತಮ್ಮಾ?” ಎಂದರು. ಕುದಿಯುವ ನೀರಿಗೆ ಚಹಾಪುಡಿ ಹಾಕುತ್ತ, “ನಿಂಗ ಬೇಕಂದ್ರ ನನ್ನ ಮುಂದ ಅಳು, ನಾನೂ ಅಳತೀನಿ. ಸುಳ್ಳ ಮಾತ್ರ ಹೇಳಂಗಿಲ್ಲ. ಹತ್ತ ವರ್ಷದಿಂದ ಓದೋರು ಅದಾರ ಅಂತ ಬಡಕೊಂಡೇನಿ. ಒಬ್ಬ ಸಿಕ್ಕಾನ. ಅಂವ ಇಲ್ಲ ಅಂತ ನಾನ ಹೆಂಗ ಹೇಳ್ಲಿ?” ಎಂದರು.

ಚಹಾ ಕುಡಿಯದೆ ಎದ್ದುಬಂದೆ.

ಕೋರ್ಟು ಅವರನ್ನು ಸಾಕ್ಷಿಯಾಗಿ ಕರೆಯಿತು. ಹಳದಿ ರೇನ್‌ಕೋಟನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕುಳಿತರು. ಕಾಲಿನ ರಬ್ಬರ್ ಬ್ಯಾಂಡು ತೆಗೆಯಲು ಮರೆತಿದ್ದರು. ದುಭಾಷಿ ಬೇಕೇ ಎಂದರೆ ಬೇಡ ಎಂದರು. ಹುಬ್ಬಳ್ಳಿಯ ಎಳೆತವಿರುವ ಅವರ ಡಚ್ ಭಾಷೆ ಆ ದೊಡ್ಡ ಕೋಣೆಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಈ ಸಂಚಿಕೆಯನ್ನು ಯಾರಿಗಾಗಿ ಅಚ್ಚು ಹಾಕಿಸಿದಿರಿ ಎಂದು ನ್ಯಾಯಾಧೀಶರು ಕೇಳಿದರು. “ಓದುವವರಿಗೆ” ಎಂದರು ಆಪಾ. ಲೈಬ್ರರಿಯ ಮೊಹರು ಬಿದ್ದ ತಮ್ಮ ಪ್ರತಿಯನ್ನು ಬ್ರೆಡ್ ಕವರಿನಿಂದ ತೆಗೆದು, ಕ್ಲಿಪ್ಪನ್ನು ಜೋಪಾನವಾಗಿ ಪಕ್ಕಕ್ಕಿಟ್ಟು, ಮೇಜಿನ ಮೇಲಿಟ್ಟರು. ನಮ್ಮ ವಕೀಲೆ ಸೋಲೊಪ್ಪದೆ, ಆ ಲೈಬ್ರರಿಗೆ ಬರುವವರಲ್ಲಿ ಇದನ್ನು ಓದಬಲ್ಲವರು ಎಷ್ಟು ಜನ ಎಂದು ಕೇಳಿದರು. ಆಪಾ ಮೇಜಿನ ಮೇಲಿದ್ದ ನನ್ನ ಪೇಟೆಂಟಿನ ಕಡೆ ಕೈ ತೋರಿಸಿದರು. “ಇದನ್ನು ಓದಿ ಅರ್ಥ ಮಾಡಿಕೊಳ್ಳುವವರು ಈ ಊರಿನಲ್ಲಿ ಎಷ್ಟು ಜನ ಇದ್ದಾರೆ, ಅಮ್ಮಾ? ಆದರೂ ಇದನ್ನು ಪ್ರಕಟಣೆ ಎನ್ನುತ್ತೀರಿ” ಎಂದರು. ನ್ಯಾಯಾಧೀಶರಲ್ಲೊಬ್ಬರು ತಲೆ ತಗ್ಗಿಸಿ ಏನೋ ಬರೆದುಕೊಂಡರು. ನನಗೆ ಅಲ್ಲೇ ಗೊತ್ತಾಯಿತು, ನಮ್ಮ ಕಥೆ ಮುಗಿಯಿತು ಎಂದು.

ತೀರ್ಪು ಬಂತು. ಗುಟ್ಟು ಕಾಯಬೇಕಾಗಿಲ್ಲದ ಒಬ್ಬನೇ ಒಬ್ಬ ವ್ಯಕ್ತಿಗೆ ಓದುವ ಅವಕಾಶ ಇದ್ದರೂ ಸಾಕು, ಅದು ಸಾರ್ವಜನಿಕ. ಯಾವ ಭಾಷೆಯಲ್ಲಿದೆ ಎಂಬುದು ಮುಖ್ಯವಲ್ಲ. ಅದೂ ಅಲ್ಲದೆ ಈ ಲೇಖನ ಎಷ್ಟು ವಿವರವಾಗಿದೆಯೆಂದರೆ, ವಿಷಯ ಬಲ್ಲವನು ಇದೊಂದನ್ನೇ ಓದಿ ಉಪಕರಣವನ್ನು ಮಾಡಬಹುದು. ಪೇಟೆಂಟು ರದ್ದು. ಓದಿದವನು ಮನೆಯಲ್ಲಿ ಕುಳಿತು ಮಾಡಿ ನೋಡುವ ಹಾಗೆ ಬರೆಯಿರಿ ಎಂದಿದ್ದರಲ್ಲ, ಅದನ್ನೇ ಕೋರ್ಟು ನನ್ನ ತಲೆಯ ಮೇಲೆ ಕುಟ್ಟಿ ಹೇಳಿತು. ನನ್ನ ಬೊಗಳೆಯ ಮೊದಲ ಕರಡೇ ಅಚ್ಚಾಗಿದ್ದರೆ ಯಾವ ಎಂಜಿನಿಯರನಿಗೂ ಏನೂ ಸಿಗುತ್ತಿರಲಿಲ್ಲ, ನಾನು ಗೆದ್ದಿರುತ್ತಿದ್ದೆ.

ಹಣ ಹಾಕಿದವರು ಹಿಂದೆ ಸರಿದರು. ನಾನೂ ಗೆಳೆಯನೂ ಕ್ಯಾಂಪಸ್ಸಿನ ಲ್ಯಾಬು ಬಿಟ್ಟು ಒಬ್ಬ ರೈತನ ಕೊಟ್ಟಿಗೆಯ ಪಕ್ಕದ ಶೆಡ್ಡಿಗೆ ಬಂದೆವು. ಉಪಕರಣಗಳನ್ನು ನಾವೇ ಜೋಡಿಸಿ ಮಾರಿಕೊಂಡು ಹೇಗೋ ಬದುಕಿದೆವು. ಆಪಾರ ಫೋನು ಬಂದರೆ ನಾನು ಎತ್ತಲಿಲ್ಲ. ಎರಡು ವರ್ಷ ರಾಜ್ಯೋತ್ಸವಕ್ಕೂ ಹೋಗಲಿಲ್ಲ. ಎದುರಿಗೆ ಸಿಕ್ಕವರಿಗೆಲ್ಲ, ನನ್ನ ಹೊಟ್ಟೆಯ ಮೇಲೆ ಹೊಡೆದವರು ನನ್ನ ಭಾಷೆಯವರೇ ಎಂದು ಹೇಳಿಕೊಂಡು ತಿರುಗಿದೆ. ಮಾಡಿದ್ದುಣ್ಣೋ ಮಹಾರಾಯ ಎಂದು ನನಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಅದೇ ದೊಡ್ಡ ಕಂಪನಿ ತಾನೇ ಒಂದು ಪೇಟೆಂಟಿಗೆ ಅರ್ಜಿ ಹಾಕಿ ಕಾಯುತ್ತಿತ್ತು. ಮೂರು ತಂತಿಯ ಉಪಕರಣ. ನಡುವಿನ ತಂತಿಯಿಂದ ಕೆನೆಗೂ ಕೆಟ್ಟ ಹಾಲಿಗೂ ವ್ಯತ್ಯಾಸ ಗುರುತಿಸುವುದು. ನಾವು ಶೆಡ್ಡಿನಲ್ಲಿ ಆಗ ಮಾಡಿ ಮಾರುತ್ತಿದ್ದದ್ದೂ ಮೂರು ತಂತಿಯದೇ. ನನ್ನ ಪೇಟೆಂಟು ಹೋದದ್ದಿರಲಿ, ಈಗ ನನ್ನ ಉಪಕರಣವನ್ನು ನಾನೇ ಮಾಡದ ಹಾಗೆ ಆಗುತ್ತಿತ್ತು. ನನ್ನ ಪೇಟೆಂಟಿನಲ್ಲಿ ಮೂರನೆಯ ತಂತಿಯ ಮಾತೇ ಇರಲಿಲ್ಲ. ಅಷ್ಟು ಸಣ್ಣ ವಿಷಯವನ್ನು ಯಾಕೆ ಬರೆಯುವುದು ಎಂದು ಬಿಟ್ಟಿದ್ದೆ. ವಕೀಲರನ್ನು ಇಟ್ಟುಕೊಳ್ಳುವ ತ್ರಾಣ ನಮಗಿರಲಿಲ್ಲ. ಗೆಳೆಯ ಕೆಲಸ ಹುಡುಕಲು ಶುರುಮಾಡಿದ.

ಪೇಟೆಂಟ್ ಕಚೇರಿಯ ಕಡತಗಳನ್ನು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ತೆರೆದು ನೋಡಬಹುದು. ಆ ಅರ್ಜಿ ಎಲ್ಲಿಗೆ ಬಂತೆಂದು ಒಂದು ಮಧ್ಯಾಹ್ನ ನೋಡುತ್ತಿದ್ದೆ. ಹೊರಗಿನವರೊಬ್ಬರ ಆಕ್ಷೇಪಣೆ ಎಂದು ಹೊಸದೊಂದು ಕಾಗದ ಸೇರಿತ್ತು. ತೆರೆದೆ. ಗುಂಡಗಿನ ಕೈಬರಹ, ಇಂಗ್ಲಿಷಿನಲ್ಲಿ ಒಂದೇ ಪುಟ. ಈ ಸಂಗತಿ ಅರ್ಜಿ ಹಾಕುವುದಕ್ಕೆ ಮುಂಚೆಯೇ ಪ್ರಕಟವಾಗಿದೆ, ಪ್ರಕಟಿಸಿದವಳು ನಾನು, ಇದು ಸಾರ್ವಜನಿಕ ಎಂದು ಕೋರ್ಟಿನಲ್ಲಿ ಸಾಧಿಸಿದವರು ಅರ್ಜಿದಾರರೇ. ಕೆಳಗೆ ಆಪಾರ ಸಹಿ. ಜೊತೆಗೆ ತೀರ್ಪಿನ ನಕಲು, ಮತ್ತು ನಮ್ಮ ಸಂಚಿಕೆಯ ಇಪ್ಪತ್ತೆರಡನೆಯ ಪುಟ. ಅದರ ಕೊನೆಯ ಸಾಲಿನ ಕೆಳಗೆ ಕೆಂಪು ಗೆರೆ. ರೈಲಿನ ಹೊತ್ತಾಯಿತೆಂದು ನಾನು ಗೀಚಿ ಬಂದಿದ್ದ ಸಾಲು.

ಅತ್ತುಬಿಟ್ಟೆ. ಗೆಳೆಯ ಯಾರಾದರೂ ಸತ್ತರೇನೋ ಎಂದು ಓಡಿಬಂದ.

ಅವತ್ತೇ ವೂರ್‌ಬರ್ಗಿಗೆ ಹೋದೆ. ಸೈಕಲ್ಲು ಒಳಗೆ ಗೋಡೆಗೆ ಒರಗಿತ್ತು, ಆಪಾ ಕುರ್ಚಿಯಲ್ಲಿದ್ದರು. ಮೂತ್ರಪಿಂಡ ಕೈಕೊಟ್ಟಿದೆ, ವಾರಕ್ಕೆ ಮೂರು ಸಲ ಆಸ್ಪತ್ರೆ ಎಂದು ಮಗಳು ಬಾಗಿಲಲ್ಲೇ ಹೇಳಿದ್ದಳು. ತಪ್ಪಾಯಿತು ಎಂದು ನಾನು ಶುರುಮಾಡಿದರೆ ಆಪಾ ಮೇಜಿನ ಮೇಲೆ ಟಕ್ ಎಂದು ಕುಟ್ಟಿದರು. ಅರ್ಜಿಯ ಸುದ್ದಿ ಬಳಗದವರಿಂದ ಕೇಳಿದ್ದರಂತೆ. ಆ ಕಾಗದ ಕಳಿಸಲು ಫೀಸು ಬೇಡ, ವಕೀಲರು ಬೇಡ, ಯಾರಾದರೂ ಬರೆಯಬಹುದು ಎಂಬುದನ್ನು ಲೈಬ್ರರಿಯಲ್ಲಿ ಕುಳಿತು ತಾವೇ ಓದಿ ತಿಳಿದುಕೊಂಡಿದ್ದರಂತೆ. ನನಗೆ ಯಾಕೆ ಹೇಳಲಿಲ್ಲ ಎಂದರೆ, ನೀನು ಫೋನು ಎತ್ತಿದ್ದರಲ್ಲವೇ ಎಂದರು. ನನಗೆ ಬೇಕಿದ್ದ ಏಟು ಅದು.

“ಎಲ್ಲಾರೂ ಓದೂವಂಥಾದ್ದು ಅಂತ ಅವರೇ ಕೋರ್ಟಿನ್ಯಾಗ ಹೇಳ್ಯಾರ. ಈಗ ಅಲ್ಲ ಅನ್ನಲಿ ನೋಡೂಣು” ಎಂದು ಕಣ್ಣು ಅರಳಿಸಿ ನಕ್ಕರು. “ಅಚ್ಚಾಗಿ ಹೊರಗ ಬಂದದ್ದು ಅವರಪ್ಪನ ಆಸ್ತೀನೂ ಅಲ್ಲ, ನಿಮ್ಮಪ್ಪನ ಆಸ್ತೀನೂ ಅಲ್ಲ.” ಆಮೇಲೆ ಸಂಪಾದಕರ ದನಿಯಲ್ಲಿ ಕೇಳಿದರು: “ಎರಡ ವರ್ಷದ ಲೇಖನ ಬಾಕಿ ಐತಿ. ಎಲ್ಲಿ?”

ಕಚೇರಿ ಆ ಅರ್ಜಿಯನ್ನು ತಿರಸ್ಕರಿಸಿದಾಗ ಆಪಾ ಇದ್ದರು. ಆಸ್ಪತ್ರೆಯ ಮಂಚದ ಮೇಲೆ, ಕೈಗೆ ನಳಿಕೆ ಚುಚ್ಚಿಕೊಂಡೇ, ಆ ಆದೇಶವನ್ನು ನನ್ನಿಂದ ಗಟ್ಟಿಯಾಗಿ ಓದಿಸಿ ಕೇಳಿದರು. ದಾಖಲೆಗಳ ಪಟ್ಟಿಯಲ್ಲಿ ದೊಡ್ಡ ದೊಡ್ಡ ಕಂಪನಿಗಳ ಕಾಗದಗಳ ನಡುವೆ ನಮ್ಮ ಸಂಚಿಕೆಯ ಹೆಸರು ಬಂದಾಗ ಇನ್ನೊಮ್ಮೆ ಓದು ಎಂದರು. ಓದಿದೆ. ಆ ಚಳಿಗಾಲ ದಾಟಲಿಲ್ಲ. ಹೇಗ್ ನಗರದಲ್ಲೇ ಮಣ್ಣಾಯಿತು. ಹೂಫ್‌ಡಾರ್ಪಿನ ಅಂಗಡಿಯವನು ಬಂದಿದ್ದ, ಲೈಬ್ರರಿಯ ಹೆಂಗಸು ಬಂದಿದ್ದಳು, ದಾವಣಗೆರೆಯ ಆ ಎಂಜಿನಿಯರೂ ಬಂದು ದೂರದಲ್ಲಿ ನಿಂತಿದ್ದ. ನಾನೇ ಹೋಗಿ ಅವನ ಕೈ ಹಿಡಿದು ಮುಂದಕ್ಕೆ ಕರೆತಂದೆ. ಅವರಿಗೆ ಸಿಕ್ಕ ಓದುಗ ಅವನೇ ತಾನೆ.

ಮಗಳು ಸೈಕಲ್ಲಿನ ಚೀಲಗಳನ್ನು ನನಗೆ ಕೊಟ್ಟಳು. ಒಳಗೆ ಖಾಲಿ ಬ್ರೆಡ್ ಕವರುಗಳು ಮಡಚಿದ ಹಾಗೇ ಇದ್ದವು. ಈಗ ಸಂಚಿಕೆಯ ಕೆಲಸ ನನ್ನದು. ಬರೆಯುವವರನ್ನು ಮೇಜಿಗೆ ಕೂರಿಸಿ ಗಟ್ಟಿಯಾಗಿ ಓದಿಸುತ್ತೇನೆ, ಬೈಸಿಕೊಳ್ಳುತ್ತೇನೆ. ನವೆಂಬರಿನಲ್ಲಿ ಲೈಬ್ರರಿ, ಅಂಗಡಿ, ದಂತವೈದ್ಯರು ಎಲ್ಲ ಮುಗಿಸಿ, ಕೊನೆಯ ಪ್ರತಿಯನ್ನು ಆ ದೊಡ್ಡ ಕಂಪನಿಯ ಸ್ವಾಗತ ಮೇಜಿನ ಮೇಲೆ ಇಟ್ಟು ಬರುತ್ತೇನೆ. ಅಲ್ಲಿ ಕುಳಿತ ಹುಡುಗಿ ಪ್ರತಿ ವರ್ಷವೂ ಕವರನ್ನು ತಿರುಗಿಸಿ ನೋಡಿ, ಇದು ಯಾರಿಗೆ ಎಂದು ಕೇಳುತ್ತಾಳೆ.

ಓದುವವರಿಗೆ ಎನ್ನುತ್ತೇನೆ.